ಅಮ್ಮನ ಮೊಣಕಾಲಿಗೆ ಸಿಂಗಪುರದ ಪುಡಿ: ಚೀನೀ ಗಿಡಮೂಲಿಕೆಯನ್ನು ನಂಬಬಹುದಾ?

ಪ್ರಶ್ನೆ: ನನ್ನ ಅಮ್ಮನಿಗೆ 68 ವರ್ಷ. ಆರು ವರ್ಷದ ಹಿಂದೆ ಹೃದಯದ ವಾಲ್ವ್ ಬದಲಿಸಿದ್ದಾರೆ. ಅವತ್ತಿನಿಂದ ದಿನಾ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಎರಡೂ ಮೊಣಕಾಲು ಸವೆದಿದೆ ಎಂದು ಮೂಳೆ ಡಾಕ್ಟರು ಹೇಳಿದ್ದಾರೆ. ಸಿಂಗಪುರದಲ್ಲಿರುವ ನನ್ನ ತಂಗಿ ಅಲ್ಲಿನ ಚೀನೀ ಔಷಧಿ ಅಂಗಡಿಯಿಂದ ಒಂದು ಪುಡಿ ತಂದುಕೊಟ್ಟಳು. ಅಮ್ಮ ಮೂರು ವಾರದಿಂದ ಅದನ್ನು ಬಿಸಿನೀರಿಗೆ ಹಾಕಿ ಕುಡಿಯುತ್ತಿದ್ದಾರೆ. ನೋವು ಅರ್ಧಕ್ಕರ್ಧ ಕಮ್ಮಿ ಆಗಿದೆ ಎನ್ನುತ್ತಾರೆ. "ಎರಡು ಸಾವಿರ ವರ್ಷದ ವೈದ್ಯ ಸುಳ್ಳಾಗುತ್ತಾ?" ಅನ್ನೋದು ತಂಗಿಯ ಮಾತು. ಪೊಟ್ಟಣದ ಫೋಟೋ ಕಳಿಸಿದ್ದೇನೆ. ಚೀನೀ ಗಿಡಮೂಲಿಕೆಗೆ ವೈಜ್ಞಾನಿಕ ಆಧಾರ ಇದೆಯಾ? ಅಮ್ಮ ಇದನ್ನು ಮುಂದುವರಿಸಬಹುದಾ? (ಶಿವಮೊಗ್ಗದ ಓದುಗರೊಬ್ಬರು)

ಉತ್ತರ: ಮೊದಲು ಅಮ್ಮನ ವಿಷಯ, ಆಮೇಲೆ ಚೀನಾದ ವಿಷಯ.

ಪುಡಿಯನ್ನು ಇವತ್ತೇ ನಿಲ್ಲಿಸಿ. ವಾರ್ಫರಿನ್ ನಿಲ್ಲಿಸಬೇಡಿ, ಅದರ ಡೋಸನ್ನು ನೀವಾಗಿಯೇ ಹೆಚ್ಚು ಕಮ್ಮಿ ಮಾಡಲೂ ಬೇಡಿ. ನಾಳೆ ಬೆಳಿಗ್ಗೆ ಪಿಟಿ-ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಎಂದು ತೋರಿಸುವ ರಕ್ತ ಪರೀಕ್ಷೆ) ಮಾಡಿಸಿ, ಅದೇ ದಿನ ಹೃದಯದ ಡಾಕ್ಟರಿಗೆ ತೋರಿಸಿ. ಒಸಡಿನಲ್ಲಿ ಅಥವಾ ಮೂಗಿನಲ್ಲಿ ರಕ್ತ ಬಂದರೆ, ಎಲ್ಲೂ ತಾಗಿಸಿಕೊಳ್ಳದೆ ಮೈಮೇಲೆ ನೀಲಿ ಕಲೆ ಎದ್ದರೆ, ಮಲ ಡಾಂಬರಿನ ಹಾಗೆ ಕಪ್ಪಾದರೆ, ಇದ್ದಕ್ಕಿದ್ದಂತೆ ಜೋರು ತಲೆನೋವು ಬಂದರೆ ಪರೀಕ್ಷೆಗೆ ಕಾಯಬೇಡಿ, ಸೀದಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಪೊಟ್ಟಣ ಎಸೆಯಬೇಡಿ. ಡಾಕ್ಟರು ಅದನ್ನು ನೋಡಬೇಕು.

ಇಷ್ಟು ಅವಸರ ಯಾಕೆ ಅಂದರೆ, ಫೋಟೋ ದೊಡ್ಡದು ಮಾಡಿ ನೋಡಿದೆ. ಚೀನೀ ಅಕ್ಷರಗಳ ಕೆಳಗೆ ಸಣ್ಣದಾಗಿ ಲ್ಯಾಟಿನ್ ಹೆಸರುಗಳಿವೆ. ಎಣಿಸಿದೆ, ಹದಿನೈದು. ಅರ್ಧ ಓದುವಷ್ಟರಲ್ಲೇ ಇದು ಯಾವ ಯೋಗ, ಅಂದರೆ ಹಲವು ಮೂಲಿಕೆ ಸೇರಿಸಿ ಮಾಡಿದ ಯಾವ ಮದ್ದು, ಅಂತ ಗೊತ್ತಾಯಿತು. ಇದರ ಹೆಸರು ದುಹ್ವೋ ಜಿಶೆಂಗ್ ತಾಂಗ್. ಏಳನೇ ಶತಮಾನದ ವೈದ್ಯ ಸುನ್ ಸಿಮ್ಯಾವ್ ಬರೆದಿಟ್ಟದ್ದು. ಸೊಂಟ, ಮೊಣಕಾಲಿನ ಹಳೇ ನೋವಿಗೆ ಚೀನೀ ವೈದ್ಯರು ಈಗಲೂ ಕೊಡುತ್ತಾರೆ. ಪಟ್ಟಿಯಲ್ಲಿ ನಮಗೆ ಗುರುತಿರುವವರೇ ಹಲವರಿದ್ದಾರೆ. ಚಕ್ಕೆ ಇದೆ, ಜ್ಯೇಷ್ಠಮಧು ಇದೆ. ನಮ್ಮ ಬೇಲಿಬದಿಯ ಉತ್ತರಾಣಿಯ ಹತ್ತಿರದ ನೆಂಟ ಒಂದಿದೆ. ಮರದ ಕೊಂಬೆಯ ಮೇಲೆ ಹಬ್ಬುವ ಬಂದಳಿಕೆಯ ಜಾತಿಯದ್ದೂ ಒಂದಿದೆ. ಇದರಲ್ಲಿ ಹೆದರುವಂಥದ್ದು ಏನಿದೆ ಅನ್ನಿಸುತ್ತದೆ, ಅಲ್ವಾ?

ಆದರೆ ಅದೇ ಪಟ್ಟಿಯಲ್ಲಿ ದಾಂಗ್‌ಗ್ವೇ ಎಂಬ ಬೇರಿದೆ. ವಾರ್ಫರಿನ್ ಜೊತೆ ಅದನ್ನು ತೆಗೆದುಕೊಂಡವರಲ್ಲಿ ಐಎನ್‌ಆರ್ ಏರಿದ ಪ್ರಕರಣಗಳು ವರದಿಯಾಗಿವೆ. ಏರಿದರೆ ರಕ್ತಸ್ರಾವದ ಭಯ. ಜಿನ್ಸೆಂಗ್ ಕೂಡ ಇದೆ. ಅದು ಉಲ್ಟಾ, ವಾರ್ಫರಿನ್ ಕೆಲಸವನ್ನು ಕುಗ್ಗಿಸಬಹುದು. ಕುಗ್ಗಿದರೆ ವಾಲ್ವಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ. ಜ್ಯೇಷ್ಠಮಧು ದಿನಾ ಹೊಟ್ಟೆಗೆ ಹೋದರೆ ಪೊಟ್ಯಾಸಿಯಂ ಇಳಿದು ಬಿಪಿ ಏರಬಹುದು. ಒಂದೇ ಲೋಟದಲ್ಲಿ ಮೂರು ಕಡೆಗೆ ಎಳೆತ. ಯಾವುದು ಗೆಲ್ಲುತ್ತದೆ ಎಂದು ರಕ್ತ ಪರೀಕ್ಷೆ ಮಾಡದೆ ಯಾರೂ ಹೇಳಲಾರರು.

ಹಿಂದೊಮ್ಮೆ ವಾರ್ಡಿನಲ್ಲಿ ಒಬ್ಬ ಹಿರಿಯರನ್ನು ನೋಡಿದ್ದೆ. ಅವರೂ ವಾರ್ಫರಿನ್ ಮೇಲಿದ್ದವರು. ಶೇವ್ ಮಾಡಿಕೊಳ್ಳುವಾಗ ಆದ ಚಿಕ್ಕ ಗಾಯದಿಂದ ರಾತ್ರಿಯಿಡೀ ರಕ್ತ ಜಿನುಗಿ, ದಿಂಬಿನ ಕವರ್ ನೆನೆದುಹೋಗಿತ್ತು. ಬೇರೆ ಏನಾದರೂ ಔಷಧಿ ತಗೊಂಡ್ರಾ ಎಂದು ಮೂರು ಸಲ ಕೇಳಿದೆ. ಮೂರು ಸಲವೂ ಇಲ್ಲ ಅಂದರು. ನಾಲ್ಕನೇ ಸಲ ಅವರ ಮಗಳು, "ಔಷಧಿ ಏನಿಲ್ಲ, ಮನೇಲಿ ಕಷಾಯ ಕುಡೀತಿದ್ರು ಅಷ್ಟೆ" ಅಂದಳು. ಅವರು ಸುಳ್ಳು ಹೇಳಿರಲಿಲ್ಲ. ಅವರ ಲೆಕ್ಕದಲ್ಲಿ ಕಷಾಯ ಔಷಧಿಯೇ ಅಲ್ಲ. ನಿಮ್ಮ ಅಮ್ಮನ ಲೆಕ್ಕದಲ್ಲೂ ಈ ಪುಡಿ ಹಾಗೇ ಇರಬಹುದು. ದಯವಿಟ್ಟು ಡಾಕ್ಟರ ಮುಂದೆ ನೀವೇ ಬಾಯಿಬಿಟ್ಟು ಹೇಳಿ.

ಇನ್ನು ತಂಗಿಯ ಮಾತು. ಅವಳನ್ನು ಬೈಯಬೇಡಿ. ಅಮ್ಮನ ಮೇಲಿನ ಪ್ರೀತಿಯಿಂದ ತಂದಿದ್ದಾಳೆ, ಅವಳು ಕೇಳಿದ್ದೂ ನ್ಯಾಯವಾದ ಪ್ರಶ್ನೆಯೇ. ಆದರೆ ಚೀನೀ ವೈದ್ಯಕ್ಕೆ ಆಧಾರ ಇದೆಯಾ ಎಂದು ಸಾರಾಸಗಟಾಗಿ ಕೇಳಿದರೆ ಉತ್ತರ ಸಿಗುವುದಿಲ್ಲ. 1596ರಲ್ಲಿ ಅಚ್ಚಾದ ಲಿ ಶಿಝೆನ್ ಅವರ ಔಷಧಿಕೋಶ ಒಂದರಲ್ಲೇ 1892 ವಸ್ತುಗಳಿವೆ. ಗಿಡ, ಹುಳ, ಕಲ್ಲು, ಪ್ರಾಣಿ ಎಲ್ಲವೂ ಸೇರಿ. ಇಷ್ಟಕ್ಕೂ ಒಂದೇ ಉತ್ತರ ಹೇಗೆ ಕೊಡುವುದು? ಯಾವ ಗಿಡ, ಯಾವ ಕಾಯಿಲೆಗೆ, ಎಷ್ಟು ಪ್ರಮಾಣ, ಯಾವುದರ ಜೊತೆ ಹೋಲಿಸಿ ನೋಡಿದ್ದಾರೆ ಎಂದು ಒಂದೊಂದನ್ನೇ ಕೇಳಬೇಕು.

ಎರಡು ಸಾವಿರ ವರ್ಷದ ಅನುಭವಕ್ಕೆ ಬೆಲೆ ಇಲ್ಲವಾ? ಖಂಡಿತ ಇದೆ. ಆದರೆ ಅನುಭವದ ಕಣ್ಣಿಗೆ ಕೆಲವು ಕಾಣುತ್ತವೆ, ಕೆಲವು ಕಾಣುವುದೇ ಇಲ್ಲ. ನಾನು ಇಷ್ಟುದ್ದ ಬರೆಯುತ್ತಿರುವುದು ಈ ಮಾತಿಗಾಗಿಯೇ.

ಬೇಗ ಆಗುವುದು ಕಾಣುತ್ತದೆ. ಮಾಹ್ವಾಂಗ್ ಎಂಬ ಗಿಡ ಇದೆ. ಉಬ್ಬಸದವರಿಗೆ ಇದರ ಕಷಾಯ ಕುಡಿಸಿದರೆ ಸ್ವಲ್ಪ ಹೊತ್ತಿನಲ್ಲೇ ಉಸಿರು ಸಲೀಸಾಗುತ್ತದೆ. ಹಳೇ ಕಾಲದ ವೈದ್ಯ ಪಕ್ಕದಲ್ಲೇ ಕೂತು ಇದನ್ನು ನೋಡಿರುತ್ತಾನೆ. ಅವನು ನೋಡಿದ್ದು ನಿಜ. 1885ರಲ್ಲಿ ಜಪಾನಿನ ನಾಗಾಯ್ ನಾಗಾಯೋಶಿ ಆ ಗಿಡದಿಂದ ಎಫೆಡ್ರಿನ್ ಬೇರ್ಪಡಿಸಿದರು. 1920ರ ದಶಕದಲ್ಲಿ ಅದು ಪ್ರಪಂಚದ ಔಷಧಿ ಪೆಟ್ಟಿಗೆಗೆ ಸೇರಿತು. ಅದೇ ಗಿಡವನ್ನು ಅಮೆರಿಕದಲ್ಲಿ ತೂಕ ಇಳಿಸುವ ಮಾತ್ರೆಗೆ ಹಾಕಿ ಮಾರಿದರು. ಹೃದಯಾಘಾತ, ಪಾರ್ಶ್ವವಾಯು, ಸಾವುಗಳು ವರದಿಯಾಗಿ 2004ರಲ್ಲಿ ಅಂಥ ಮಾತ್ರೆಗಳನ್ನು ನಿಷೇಧಿಸಬೇಕಾಯಿತು. ಗಿಡ ಒಂದೇ, ಬಳಸಿದ ಕಾರಣ ಬೇರೆ, ಪ್ರಮಾಣ ಬೇರೆ.

ಜ್ವರ ಇಳಿಯುವುದೂ ಕಣ್ಣಿಗೆ ಕಾಣುವಂಥದ್ದೇ. ಈ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಹೇಳುತ್ತೇನೆ, ಆದರೂ ನನಗೆ ಹಳತಾಗಿಲ್ಲ. ವಿಯೆಟ್ನಾಂ ಯುದ್ಧದ ಕಾಲ. ಕಾಡಿನಲ್ಲಿದ್ದ ಸೈನಿಕರನ್ನು ಮಲೇರಿಯಾ ಹಣ್ಣು ಮಾಡುತ್ತಿತ್ತು, ಆಗಿನ ಮಲೇರಿಯಾ ಮದ್ದು ಕ್ಲೋರೋಕ್ವಿನ್ ನಾಟುತ್ತಿರಲಿಲ್ಲ. ಹೊಸ ಮದ್ದು ಹುಡುಕಲು ಚೀನಾ 1967ರ ಮೇ 23ರಂದು ಗುಟ್ಟಾಗಿ ಒಂದು ಯೋಜನೆ ಶುರು ಮಾಡಿತು. ತಿಂಗಳು, ತಾರೀಕು ಸೇರಿಸಿ ಅದಕ್ಕೆ 523 ಎಂದೇ ಹೆಸರಿಟ್ಟರು. 1969ರಲ್ಲಿ ಬೀಜಿಂಗಿನ ತು ಯೂಯೂ ಎಂಬ ಸಂಶೋಧಕಿಗೆ ಒಂದು ತಂಡದ ಹೊಣೆ ಬಂತು. ಅವರು ಹಳೇ ಪುಸ್ತಕಗಳನ್ನು ಜಾಲಾಡಿ, ಹಿರಿಯ ವೈದ್ಯರನ್ನು ಕೇಳಿ 2000 ಯೋಗಗಳನ್ನು ಕಲೆಹಾಕಿದರು. ಸುಮಾರು 200 ಗಿಡಗಳಿಂದ 380 ಬಗೆಯ ಸಾರ ತೆಗೆದು ಇಲಿಗಳ ಮೇಲೆ ನೋಡಿದರು. ಚಿಂಗ್‌ಹಾವ್ ಎಂಬ ಗಿಡ ಒಮ್ಮೆ ಚೆನ್ನಾಗಿ ಕೆಲಸ ಮಾಡಿತು. ಮತ್ತೆ ಮಾಡಿದರೆ ಕೈಕೊಟ್ಟಿತು.

ಆಗ ತು ಯೂಯೂ ಮತ್ತೆ ಪುಸ್ತಕದ ಹತ್ತಿರ ಹೋದರು. ನಾಲ್ಕನೇ ಶತಮಾನದ ಗೆ ಹೊಂಗ್ ಒಂದು ಸಾಲು ಬರೆದಿದ್ದ. ಒಂದು ಹಿಡಿ ಚಿಂಗ್‌ಹಾವ್ ತೆಗೆದುಕೊಂಡು ಎರಡು ಅಳತೆ ನೀರಿನಲ್ಲಿ ನೆನೆಸಿ, ಹಿಂಡಿ, ರಸವನ್ನು ಪೂರ್ತಿ ಕುಡಿಯಬೇಕು. ಅಷ್ಟೇ. ಕುದಿಸಿ ಅಂತ ಅಲ್ಲಿಲ್ಲ. ಚೀನೀ ಔಷಧಿ ಎಂದರೆ ಸಾಮಾನ್ಯವಾಗಿ ಕುದಿಸಿ ಬತ್ತಿಸುವುದು, ನಮ್ಮ ಕಷಾಯದ ಹಾಗೆ. ಹಾಗಾದರೆ ಬಿಸಿಗೆ ಗುಣ ಹಾಳಾಗುತ್ತಿದೆಯಾ? ಸಾರ ತೆಗೆಯಲು ಅವರು ನೀರು ಬಿಟ್ಟು ಈಥರ್ ಎಂಬ ದ್ರಾವಕ ಹಿಡಿದರು. ಅದು ಸುಮಾರು 35 ಡಿಗ್ರಿಗೇ ಕುದಿಯುತ್ತದೆ, ಹಾಗಾಗಿ ಸಾರಕ್ಕೆ ಜಾಸ್ತಿ ಬಿಸಿ ತಾಗುವುದಿಲ್ಲ. 1971ರ ಅಕ್ಟೋಬರ್ 4ರಂದು 191ನೇ ಮಾದರಿ ಇಲಿಗಳ ರಕ್ತದಲ್ಲಿದ್ದ ಮಲೇರಿಯಾ ಪರಾವಲಂಬಿಯನ್ನು ಪೂರ್ತಿ ಅಳಿಸಿಹಾಕಿತು. ಮರುವರ್ಷ ತು ಯೂಯೂ ಮತ್ತು ಸಹೋದ್ಯೋಗಿಗಳು ಮೊದಲು ತಾವೇ ಅದನ್ನು ನುಂಗಿದರು. ಆಮೇಲೆ ಹೈನಾನ್ ದ್ವೀಪದಲ್ಲಿ ರೋಗಿಗಳಿಗೆ ಕೊಟ್ಟರು. ಗಿಡದಿಂದ ಬೇರ್ಪಡಿಸಿದ ಆ ವಸ್ತುವೇ ಆರ್ಟೆಮಿಸಿನಿನ್. 2015ರಲ್ಲಿ ಅವರಿಗೆ ನೊಬೆಲ್ ಬಂತು. ಇವತ್ತು ಮಂಗಳೂರಿನಲ್ಲಿ ಯಾರಿಗಾದರೂ ಫಾಲ್ಸಿಪೇರಂ ಮಲೇರಿಯಾ ಬಂದರೆ ಕೊಡುವ ಮಾತ್ರೆಯಲ್ಲೂ ಅದೇ ಕುಟುಂಬದ ಮದ್ದಿದೆ.

ಈ ಕಥೆಯನ್ನು ಚೀನೀ ವೈದ್ಯದ ಗೆಲುವು ಎಂದು ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ಅರ್ಧ ನಿಜ. ಗೆ ಹೊಂಗ್ ಪುಸ್ತಕ ಇಲ್ಲದಿದ್ದರೆ ಎಲ್ಲಿ ಹುಡುಕಬೇಕು ಎಂಬುದೇ ಗೊತ್ತಾಗುತ್ತಿರಲಿಲ್ಲ. ಇಲಿಯ ಮೇಲೆ ಪರೀಕ್ಷೆ ಮಾಡದಿದ್ದರೆ ಆ 2000 ಯೋಗಗಳಲ್ಲಿ ಯಾವುದು ಗಟ್ಟಿ, ಯಾವುದು ಜೊಳ್ಳು ಎಂದೂ ಗೊತ್ತಾಗುತ್ತಿರಲಿಲ್ಲ. ಉಳಿದ ಯೋಗಗಳಿಗೂ ಅಷ್ಟೇ ವಯಸ್ಸಾಗಿತ್ತು, ಅದನ್ನು ಮರೆಯಬಾರದು. ಈಗಲೂ ಅದೇ ಗಿಡದ ಟೀ ಕುಡಿದು ಮಲೇರಿಯಾ ವಾಸಿ ಮಾಡಿಕೊಳ್ಳಬೇಡಿ ಎಂದೇ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಲೋಟದಲ್ಲಿ ಎಷ್ಟು ಮದ್ದು ಇಳಿದಿದೆ ಎಂಬ ಲೆಕ್ಕ ಇರುವುದಿಲ್ಲ. ಕಮ್ಮಿ ಬಿದ್ದರೆ ಜ್ವರ ಮರುಕಳಿಸುತ್ತದೆ.

ಇಂಥ ಇನ್ನೊಂದು ಉದಾಹರಣೆ ಪಾಷಾಣ, ಅಂದರೆ ಆರ್ಸೆನಿಕ್. 1970ರ ದಶಕದಲ್ಲಿ ಹಾರ್ಬಿನ್ ನಗರದ ವೈದ್ಯ ಝಾಂಗ್ ಟಿಂಗ್‌ಡಾಂಗ್ ಮತ್ತು ಸಂಗಡಿಗರು ಒಂದು ನಾಟಿ ಮದ್ದಿನ ಜಾಡು ಹಿಡಿದು ಹೊರಟರು. ಒಂದು ಬಗೆಯ ರಕ್ತ ಕ್ಯಾನ್ಸರ್‌ಗೆ ಆರ್ಸೆನಿಕ್ ಟ್ರೈಆಕ್ಸೈಡ್ ಕೆಲಸ ಮಾಡುತ್ತದೆ ಎಂದು ತೋರಿಸಿದರು. ಇವತ್ತು ಆ ಕ್ಯಾನ್ಸರ್‌ನಲ್ಲಿ ಹೆಚ್ಚಿನವರು ಗುಣವಾಗುತ್ತಾರೆ. ಆಸ್ಪತ್ರೆಯಲ್ಲಿ, ಅಳೆದು, ರಕ್ತನಾಳದ ಮೂಲಕ, ಆಗಾಗ ಇಸಿಜಿ, ರಕ್ತ ಪರೀಕ್ಷೆ ಮಾಡಿ ಕಣ್ಣಿಟ್ಟು ಕೊಡುವ ಮದ್ದು ಅದು.

ಇಷ್ಟು ಕಾಣುವ ಕಡೆಯ ಮಾತು. ಈಗ ಕಾಣದ ಕಡೆಗೆ ಬನ್ನಿ.

1990ರ ದಶಕದ ಶುರುವಿನಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ತೂಕ ಇಳಿಸುವ ಕ್ಲಿನಿಕ್ ಒಂದಕ್ಕೆ ಹೋಗುತ್ತಿದ್ದ ಹೆಂಗಸರ ಕಿಡ್ನಿ ಒಬ್ಬೊಬ್ಬರದ್ದಾಗಿ ಸುರುಟಿಹೋಯಿತು. ಅವರ ಕ್ಯಾಪ್ಸೂಲಿಗೆ ಹೊಸದಾಗಿ ಚೀನೀ ಗಿಡಮೂಲಿಕೆ ಸೇರಿಸಿದ್ದರು. ಹಾನ್ ಫಾಂಗ್‌ಜಿ ಎಂಬ ಬೇರು ಹಾಕಬೇಕಿತ್ತು. ಬಂದದ್ದು ಗ್ವಾಂಗ್ ಫಾಂಗ್‌ಜಿ. ಹೆಸರು ಹತ್ತಿರ, ಗಿಡ ಬೇರೆ. ಎರಡನೆಯದರಲ್ಲಿ ಅರಿಸ್ಟೊಲೋಕಿಕ್ ಆಮ್ಲ ಇತ್ತು. ನೂರಕ್ಕೂ ಹೆಚ್ಚು ಜನರ ಕಿಡ್ನಿ ಕೆಟ್ಟಿತು. 2000ದಲ್ಲಿ ಅಂಥವರಲ್ಲಿ 39 ಜನರ ಕೆಟ್ಟ ಕಿಡ್ನಿ, ಮೂತ್ರನಾಳ ತೆಗೆದು ನೋಡಿದರೆ 18 ಜನರಲ್ಲಿ ಕ್ಯಾನ್ಸರ್ ಸಿಕ್ಕಿತು.

ಇದು ಬರೀ ಹೆಸರು ತಪ್ಪಿದ ಅನಾಹುತ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಹಾಗಲ್ಲ. ಅದೇ ಕುಲದ ಗಿಡಗಳು ಚೀನೀ ಯೋಗಗಳಲ್ಲಿ ಸರಿಯಾದ ಹೆಸರಿನಲ್ಲೇ ಶತಮಾನಗಳಿಂದ ಇದ್ದವು. ತೈವಾನ್ 2003ರಲ್ಲಿ ನಿಷೇಧಿಸುವ ಹೊತ್ತಿಗೆ, ಅಲ್ಲಿನ ಸುಮಾರು ಮೂರರಲ್ಲಿ ಒಂದು ಪಾಲು ಜನಕ್ಕೆ ಕೆಲವೇ ವರ್ಷಗಳಲ್ಲಿ ಅಂಥ ಗಿಡ ಇರಬಹುದಾದ ಮದ್ದನ್ನು ವೈದ್ಯರು ಬರೆದುಕೊಟ್ಟಿದ್ದರು. ಈ ಆಮ್ಲ ಡಿಎನ್‌ಎ ಮೇಲೆ ತನ್ನದೇ ಗುರುತು ಬಿಡುತ್ತದೆ, ಬೆರಳಚ್ಚಿನ ಹಾಗೆ. 2017ರಲ್ಲಿ ತೈವಾನಿನ 98 ಯಕೃತ್ ಕ್ಯಾನ್ಸರ್ ಗೆಡ್ಡೆಗಳನ್ನು ಪರೀಕ್ಷಿಸಿದಾಗ 76ರಲ್ಲಿ ಆ ಗುರುತು ಸಿಕ್ಕಿತು. ನನಗೆ ಇವತ್ತಿಗೂ ಇದನ್ನು ಓದಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇಷ್ಟು ಶತಮಾನ ಕೊಟ್ಟ ವೈದ್ಯರಿಗೆ ಯಾಕೆ ಗೊತ್ತಾಗಲಿಲ್ಲ? ಅವರು ದಡ್ಡರಾಗಿರಲಿಲ್ಲ. ಇವತ್ತು ಕಷಾಯ ಕೊಟ್ಟರೆ ನಾಳೆ ನೋವು ಇಳಿದದ್ದು ಕಾಣುತ್ತದೆ. ಹತ್ತು ವರ್ಷ ಬಿಟ್ಟು ಬೇರೆ ಊರಿನಲ್ಲಿ ಆ ಮನುಷ್ಯನ ಕಿಡ್ನಿ ಹೋದರೆ ಅದಕ್ಕೂ ಈ ಕಷಾಯಕ್ಕೂ ಗಂಟು ಹಾಕುವವರು ಯಾರು? ಸಾವಿರಾರು ಜನರ ಲೆಕ್ಕ ಪುಸ್ತಕದಲ್ಲಿ ಬರೆದಿಟ್ಟು, ತೆಗೆದುಕೊಂಡವರನ್ನು ತೆಗೆದುಕೊಳ್ಳದವರ ಜೊತೆ ಹೋಲಿಸಿದರೆ ಮಾತ್ರ ಅದು ಕಾಣುತ್ತದೆ. ಎರಡು ಸಾವಿರ ವರ್ಷ ಅಂದರೂ ಅಷ್ಟೇ, ಹತ್ತು ಸಾವಿರ ವರ್ಷ ಅಂದರೂ ಅಷ್ಟೇ.

ನಮ್ಮಲ್ಲೂ ಈ ಕುಲದ ಗಿಡ ಇದೆ. ಹಾವು ಕಡಿತಕ್ಕೆ ಅಂತ ಹಳ್ಳಿಗಳಲ್ಲಿ ಇಟ್ಟುಕೊಳ್ಳುವ ಈಶ್ವರಿ ಬೇರು ಅರಿಸ್ಟೊಲೋಕಿಯಾ ಕುಲದ್ದೇ, ಅದರಲ್ಲೂ ಈ ಆಮ್ಲ ಇದೆ. ಮನೆಯಲ್ಲಿ ಯಾರಾದರೂ ತೇಯ್ದು ಕುಡಿಯುವ ಅಭ್ಯಾಸ ಇದ್ದರೆ ಬಿಡಿಸಿ. ಹಾವು ಕಚ್ಚಿದರೆ ಬೇರೆ ಯೋಚನೆಯೇ ಬೇಡ, ಆಂಟಿವೆನಮ್ ಇರುವ ಆಸ್ಪತ್ರೆಗೆ ಓಡಿ. ನಿಮ್ಮ ಪೊಟ್ಟಣದ ಪಟ್ಟಿಯಲ್ಲಿ ಶೀಶಿನ್ ಎಂಬ ಬೇರಿದೆಯಲ್ಲ, ಅದೂ ಇದೇ ಕುಟುಂಬದ್ದು. ಅದರ ಬೇರಿಗಿಂತ ಎಲೆಯಲ್ಲಿ ಈ ಆಮ್ಲ ಜಾಸ್ತಿ. ಪುಡಿ ಮಾಡಿದ ಮೇಲೆ ಯಾವ ಭಾಗ ಎಷ್ಟು ಬಿದ್ದಿದೆ ಎಂದು ನೀವೂ ಹೇಳಲಾರಿರಿ, ನಾನೂ ಹೇಳಲಾರೆ.

ಹಾಗಾದರೆ ಅಮ್ಮನ ನೋವು ಕಮ್ಮಿ ಆದದ್ದು ಸುಳ್ಳಾ? ಇಲ್ಲ, ಅಮ್ಮ ಹೇಳುವುದು ನಿಜ. ಕಾರಣ ಪುಡಿಯೇನಾ ಎಂಬುದು ಬೇರೆ ಪ್ರಶ್ನೆ. ಸವೆದ ಮೊಣಕಾಲಿನ ನೋವು ದಿನಾ ಒಂದೇ ಸಮ ಇರುವುದಿಲ್ಲ. ಏರುತ್ತದೆ, ಇಳಿಯುತ್ತದೆ. ತೀರಾ ಜಾಸ್ತಿ ಆದಾಗಲೇ ನಾವು ಹೊಸ ಔಷಧಿ ಶುರು ಮಾಡುವುದು. ಆಮೇಲೆ ಅದು ಇಳಿಯಲೇಬೇಕು, ಇಳಿದಾಗ ಹೆಸರು ಔಷಧಿಗೆ. ಜೊತೆಗೆ ದೂರದ ಊರಿನಿಂದ ಮಗಳು ಬಂದಿದ್ದಾಳೆ, ತನಗಾಗಿ ಹುಡುಕಿ ತಂದಿದ್ದಾಳೆ. ಅದರಿಂದಲೂ ನೋವು ಹಗುರಾಗುತ್ತದೆ. ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. ಮೊಣಕಾಲಿನ ಪ್ರಯೋಗಗಳಲ್ಲಿ ಬರೀ ಹಿಟ್ಟಿನ ಮಾತ್ರೆ ನುಂಗಿದವರಲ್ಲೂ ಎಷ್ಟೋ ಜನಕ್ಕೆ ನೋವು ಇಳಿಯುತ್ತದೆ. ದುಹ್ವೋ ಜಿಶೆಂಗ್ ತಾಂಗ್ ಮೇಲೆ ಚೀನಾದಲ್ಲಿ ಹಲವು ಅಧ್ಯಯನಗಳಾಗಿವೆ. ಹೆಚ್ಚಿನವು ಚಿಕ್ಕವು. ಯಾರಿಗೆ ನಿಜವಾದ ಪುಡಿ, ಯಾರಿಗೆ ಹುಸಿ ಪುಡಿ ಎಂಬುದು ರೋಗಿಗೂ ವೈದ್ಯರಿಗೂ ಗೊತ್ತಾಗದಂತೆ ಮಾಡಿದವು ಕಮ್ಮಿ. ಅದು ಸುಲಭವೂ ಅಲ್ಲ. ಕಷಾಯದ ಕಹಿ, ವಾಸನೆಯನ್ನು ಹುಸಿ ಪುಡಿಯಲ್ಲಿ ತರುವುದೇ ಒಂದು ಸಾಹಸ.

ಸಂಧಿವಾತದಲ್ಲಿ, ಅಂದರೆ ರುಮಟಾಯ್ಡ್ ಆರ್ಥ್ರೈಟಿಸ್‌ನಲ್ಲಿ, ಲೇಗೊಂಗ್‌ತಂಗ್ ಎಂಬ ಚೀನೀ ಬಳ್ಳಿಗೆ ಇದಕ್ಕಿಂತ ಗಟ್ಟಿ ಆಧಾರ ಇದೆ. 2009ರಲ್ಲಿ ಅಮೆರಿಕದಲ್ಲಿ 121 ರೋಗಿಗಳ ಮೇಲೆ ಸಲ್ಫಾಸಲಜಿನ್ ಎಂಬ ಸಂಧಿವಾತದ ಮಾತ್ರೆಯ ಜೊತೆ ಹೋಲಿಸಿದಾಗ ಬಳ್ಳಿಯ ಸಾರವೇ ಮುಂದಿತ್ತು, ಆದರೂ ನಡುವೆಯೇ ಬಿಟ್ಟುಹೋದವರು ಬಹಳ. ಅದೇ ಬಳ್ಳಿ ಗಂಡಸರಲ್ಲಿ ವೀರ್ಯಾಣು ಕುಗ್ಗಿಸುತ್ತದೆ, ಹೆಂಗಸರಲ್ಲಿ ಮುಟ್ಟು ನಿಲ್ಲಿಸಬಹುದು. ನಿಮ್ಮ ಅಮ್ಮನದು ಸವೆತ, ಸಂಧಿವಾತ ಅಲ್ಲ. ಯಾರೋ ಹೇಳಿದರು ಎಂದು ಅದನ್ನು ತರಿಸಲು ಹೋಗಬೇಡಿ.

ಈಚೆಗೆ ಚೀನಾದಲ್ಲೇ ದೊಡ್ಡ, ಶಿಸ್ತಿನ ಪ್ರಯೋಗಗಳು ನಡೆಯುತ್ತಿವೆ. ಇದು ನನಗೆ ತುಂಬಾ ಸಂತೋಷ ಕೊಟ್ಟ ಬೆಳವಣಿಗೆ. 2023ರಲ್ಲಿ ಹೃದಯಾಘಾತವಾದ 3777 ಜನರ ಮೇಲೆ ಟೋಂಗ್‌ಶಿನ್‌ಲೋ ಎಂಬ ಯೋಗದ ಫಲಿತಾಂಶ ಬಂತು. ಮಾಮೂಲಿ ಚಿಕಿತ್ಸೆಯ ಜೊತೆಗೇ ಇದನ್ನು ಕೊಟ್ಟಿದ್ದರು. 30 ದಿನದಲ್ಲಿ ಸಾವು, ಮತ್ತೊಂದು ಆಘಾತ, ಪಾರ್ಶ್ವವಾಯು ಇಂಥ ದೊಡ್ಡ ತೊಂದರೆಗಳು ಯೋಗ ಪಡೆದವರಲ್ಲಿ ನೂರಕ್ಕೆ 3.4, ಹುಸಿ ಮಾತ್ರೆಯವರಲ್ಲಿ 5.2. ಬೇರೆ ದೇಶಗಳಲ್ಲೂ ಇದೇ ಫಲ ಬರುತ್ತದಾ ಎಂದು ನೋಡಬೇಕು, ಆದರೆ ತಳ್ಳಿಹಾಕುವಂಥದ್ದಲ್ಲ. ಮರುವರ್ಷ ಮಿದುಳಿನಲ್ಲಿ ರಕ್ತಸ್ರಾವವಾದ 1648 ಜನರ ಮೇಲೆ ಇನ್ನೊಂದು ಚೀನೀ ಯೋಗದ ಫಲಿತಾಂಶ ಬಂತು. 90 ದಿನ ಬಿಟ್ಟು ನೋಡಿದರೆ ಏನೂ ವ್ಯತ್ಯಾಸ ಇರಲಿಲ್ಲ. ಅದನ್ನೂ ಮುಚ್ಚಿಡದೆ ಪ್ರಕಟಿಸಿದರು. ಇಲ್ಲ ಎಂಬ ಉತ್ತರವನ್ನೂ ಹೇಳುವವರು ಹೌದು ಅಂದಾಗ ನನಗೆ ನಂಬಿಕೆ ಬರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯೇ ಒಪ್ಪಿದೆಯಲ್ಲ ಎಂದು ತಂಗಿ ಕೇಳಬಹುದು. 2019ರಲ್ಲಿ ಅದು ತನ್ನ ರೋಗಗಳ ಪಟ್ಟಿಗೆ ಸಾಂಪ್ರದಾಯಿಕ ವೈದ್ಯದ ಒಂದು ಅಧ್ಯಾಯ ಸೇರಿಸಿದ್ದು ನಿಜ. ಅದು ಲೆಕ್ಕ ಇಡುವುದಕ್ಕೆ. ಗುಣವಾಗುತ್ತದೆ ಎಂಬ ಸರ್ಟಿಫಿಕೇಟ್ ಅಲ್ಲ.

ಕಲಬೆರಕೆಯ ಮಾತನ್ನೂ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಪಿಸಿ-ಸ್ಪೆಸ್ ಎಂಬ ಕ್ಯಾಪ್ಸೂಲ್ ಬರುತ್ತಿತ್ತು, ಎಂಟು ಮೂಲಿಕೆಗಳದ್ದು, ಹೆಚ್ಚಿನವು ಚೀನೀ. ರೋಗಿಗಳಿಗೆ ನಿಜಕ್ಕೂ ಫಲ ಕಾಣುತ್ತಿತ್ತು. ಪರೀಕ್ಷಿಸಿ ನೋಡಿದರೆ ಒಳಗೆ ಹಾರ್ಮೋನ್, ನೋವಿನ ಮಾತ್ರೆ, ಜೊತೆಗೆ ನಿಮ್ಮ ಅಮ್ಮ ತೆಗೆದುಕೊಳ್ಳುವ ಅದೇ ವಾರ್ಫರಿನ್! 2002ರಲ್ಲಿ ಅದನ್ನು ಮಾರುಕಟ್ಟೆಯಿಂದ ವಾಪಸ್ ಕರೆಸಿದರು. ಮೊಣಕಾಲು ನೋವಿನ ಪುಡಿಗಳಲ್ಲಿ ಸ್ಟಿರಾಯ್ಡ್, ಡೈಕ್ಲೋಫಿನಾಕ್ ಸಿಕ್ಕಿರುವುದು ಹಲವು ದೇಶಗಳಲ್ಲಿ ಬಯಲಾಗಿದೆ, ನಮ್ಮ ದೇಶದಲ್ಲೂ. ನಿಮ್ಮ ಪೊಟ್ಟಣದಲ್ಲಿ ಹಾಗಿದೆ ಎಂದು ನಾನು ಹೇಳುತ್ತಿಲ್ಲ. ಎರಡು ಮೂರು ದಿನಕ್ಕೇ ಅದ್ಭುತ ಗುಣ ಕಂಡರೆ, ಮುಖ ಊದಿಕೊಂಡರೆ, ಸಕ್ಕರೆ ಏರಿದರೆ ಅನುಮಾನ ಪಡಿ.

ಪುಡಿ ನಿಲ್ಲಿಸಿದ ಮೇಲೆ ಅಮ್ಮನಿಗೆ ನೋವು ಮತ್ತೆ ಕಾಡಬಹುದು. ಆಗ ಮೆಡಿಕಲ್ ಶಾಪಿನಿಂದ ಐಬುಪ್ರೊಫೆನ್, ಡೈಕ್ಲೋಫಿನಾಕ್ ಮಾತ್ರೆ ತಂದು ಕೊಡಬೇಡಿ. ವಾರ್ಫರಿನ್ ಜೊತೆ ಅವೂ ಅಪಾಯ, ರಕ್ತಸ್ರಾವದ ಭಯ ಹೆಚ್ಚುತ್ತದೆ. ಪ್ಯಾರಾಸಿಟಮಾಲ್ ಕೂಡ ದಿನಾ ತೆಗೆದುಕೊಂಡರೆ ಐಎನ್‌ಆರ್ ಏರಿಸಬಹುದು, ಎಷ್ಟು ಅಂತ ಡಾಕ್ಟರನ್ನು ಕೇಳಿಯೇ ಕೊಡಿ. ಮೊಣಕಾಲಿನ ಸವೆತಕ್ಕೆ ಒಳ್ಳೆಯ ಆಧಾರ ಇರುವುದು ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮಕ್ಕೆ, ತೂಕ ಜಾಸ್ತಿ ಇದ್ದರೆ ಅದನ್ನು ಇಳಿಸುವುದಕ್ಕೆ. ಅಮ್ಮನನ್ನು ಗಟ್ಟಿ ಕುರ್ಚಿಯಲ್ಲಿ ಕೂರಿಸಿ. ಒಂದು ಕಾಲನ್ನು ನಿಧಾನವಾಗಿ ನೇರ ಚಾಚಿ, ತೊಡೆ ಬಿಗಿಮಾಡಿ, ಐದು ಎಣಿಸುವವರೆಗೆ ಹಿಡಿದು, ನಿಧಾನವಾಗಿ ಇಳಿಸಲಿ. ಒಂದೊಂದು ಕಾಲಿಗೆ ಹತ್ತು ಸಲ, ಬೆಳಿಗ್ಗೆ ಸಂಜೆ. ನೆಲದ ಮೇಲೆ ಚಕ್ಕಳಮಕ್ಕಳ ಕೂರುವುದು, ಇಂಡಿಯನ್ ಟಾಯ್ಲೆಟ್ ಎರಡೂ ಸ್ವಲ್ಪ ದಿನ ಬೇಡ. ಒಮ್ಮೆ ಫಿಸಿಯೋಥೆರಪಿಸ್ಟ್ ಹತ್ತಿರ ತೋರಿಸಿ ಉಳಿದ ವ್ಯಾಯಾಮ ಕಲಿಯಿರಿ.

ನಾಳೆ ಬರುವ ಐಎನ್‌ಆರ್ ಅಂಕಿಯನ್ನು ತಾರೀಕಿನ ಜೊತೆ ಬರೆದಿಡಿ. ಪುಡಿ ನಿಲ್ಲಿಸಿದಾಗಲೂ ಅದು ಮತ್ತೆ ಬದಲಾಗಬಹುದು. ಒಂದು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಿ, ಎರಡೂ ಚೀಟಿ ಮತ್ತು ಪೊಟ್ಟಣವನ್ನು ಒಂದೇ ಕವರಿನಲ್ಲಿ ಹಾಕಿ ಡಾಕ್ಟರ ಟೇಬಲ್ ಮೇಲೆ ಇಡಿ.